ಕರ್ತೃವಿಲ್ಲದ ಕನ್ನಡ

ಕಚೇರಿಯ ಕನ್ನಡ ಬರೆಯುವವರಲ್ಲಿ, ಅದನ್ನು ಕಲಿಸುವವರಲ್ಲಿ, ಓದಿ ತಲೆಯಾಡಿಸುವವರಲ್ಲೂ ಒಂದು ನಂಬಿಕೆ ಬೇರುಬಿಟ್ಟಿದೆ. ‘ಕ್ರಮ ಕೈಗೊಳ್ಳುತ್ತೇವೆ’ ಎಂದರೆ ಅದು ಮನೆಯ ಮಾತು. ‘ಕ್ರಮ ಕೈಗೊಳ್ಳಲಾಗುವುದು’ ಎಂದರೆ ಅದು ಆಡಳಿತದ ಮಾತು. ಮೊದಲನೆಯದರಲ್ಲಿ ಬರೆದವರ ಮುಖ ಕಾಣುತ್ತದೆ, ಆದ್ದರಿಂದ ಅದು ಹಗುರ. ಎರಡನೆಯದರಲ್ಲಿ ಯಾರ ಮುಖವೂ ಕಾಣುವುದಿಲ್ಲ, ಆದ್ದರಿಂದ ಅದು ನಿಷ್ಪಕ್ಷಪಾತ, ಕಾನೂನಿಗೆ ಹತ್ತಿರ, ಗಂಭೀರ. ಇಂಗ್ಲಿಷಿನ ‘ವಿಲ್ ಬಿ ಟೇಕನ್’, ‘ಮೇ ಬಿ ಕನ್ಸಿಡರ್ಡ್’, ‘ಶುಡ್ ಬಿ ಸಬ್ಮಿಟೆಡ್’ಗಳಿಗೆ ಸಾಟಿಯಾಗಿ ಕನ್ನಡ ಬೆಳೆಸಿಕೊಂಡ ಶಕ್ತಿ ಇದು ಎಂದು ಹೆಮ್ಮೆಪಡುವವರೂ ಇದ್ದಾರೆ.

ಈ ನಂಬಿಕೆ ತಪ್ಪು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಂಥ ಕಡೆ, ಕೈಯಲ್ಲಿ ಅರ್ಜಿ ಹಿಡಿದು ಬಸ್ಸು ಹತ್ತಿ ಬರುವ ಜನಕ್ಕೆ ಇದರಿಂದ ನಷ್ಟವಾಗುತ್ತಿದೆ. ಹೊಲ, ಮನೆ, ಮಾಸಾಶನ, ಬೆಳೆಯ ಪರಿಹಾರ ಎಲ್ಲವೂ ಈ ಒಂದು ಕ್ರಿಯಾಪದದ ಮೇಲೆ ನಿಂತಿರುವಾಗ ಇದು ಪಂಡಿತರಷ್ಟೇ ಚರ್ಚಿಸಿ ಮುಗಿಸುವ ಸಂಗತಿಯಾಗಿ ಉಳಿಯುವುದಿಲ್ಲ.

ಬೆಳೆವಿಮೆಯ ಪ್ರಕಟಣೆಯನ್ನೇ ತೆಗೆದುಕೊಳ್ಳಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ನಡೆದಿದೆ. ಮುಂಗಾರು ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2ರಷ್ಟು, ಹಿಂಗಾರಿಗೆ ಶೇ 1.5ರಷ್ಟು, ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ಶೇ 5ರವರೆಗೆ ರೈತ ಕಂತು ಕಟ್ಟುತ್ತಾನೆ. ಆಲಿಕಲ್ಲು ಬಿದ್ದರೆ, ಗೋವಿನಜೋಳದ ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ಅವನು ತಿಳಿಸಬೇಕು. ಗೋಡೆಗೆ ಅಂಟಿಸುವ ಪ್ರಕಟಣೆಗಳಲ್ಲಿ ಈ ಭಾಗ ಸ್ಪಷ್ಟವಾಗಿಯೇ ಇರುತ್ತದೆ: ‘ರೈತರು 72 ಗಂಟೆಯೊಳಗೆ ತಿಳಿಸಬೇಕು’. ಯಾರು, ಏನು, ಎಷ್ಟರೊಳಗೆ, ಮೂರೂ ಇವೆ. ಅದರ ಕೆಳಗಿನ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಪರಿಶೀಲಿಸಿ ಅರ್ಹ ರೈತರ ಖಾತೆಗೆ ಪರಿಹಾರ ಜಮಾ ಮಾಡಲಾಗುವುದು’. ಯಾರು ಪರಿಶೀಲಿಸುತ್ತಾರೆ? ಯಾರು ಜಮಾ ಮಾಡುತ್ತಾರೆ? ಯಾವಾಗ? ಒಂದೂ ಇಲ್ಲ. ಯೋಜನೆಯ ಮಾರ್ಗಸೂಚಿಯಲ್ಲಿ ವಿಮಾ ಕಂಪನಿಗೂ ಗಡುವುಗಳಿವೆ; ಗೋಡೆಯ ಮೇಲಿನ ಕನ್ನಡಕ್ಕೆ ಅವು ಇಳಿದು ಬರುವುದಿಲ್ಲ.

ಇದು ಒಂದು ಪ್ರಕಟಣೆಯ ಆಕಸ್ಮಿಕ ದೋಷವಲ್ಲ. ಪಂಚಾಯತಿಯ ಕರ ವಸೂಲಿ ನೋಟಿಸು, ಹೆಸ್ಕಾಂ ಬಿಲ್ಲಿನ ಹಿಂದಿನ ಸೂಚನೆ, ವಿದ್ಯಾರ್ಥಿವೇತನದ ಸುತ್ತೋಲೆ, ಯಾವುದನ್ನೇ ಬಿಡಿಸಿ ನೋಡಿ, ಇದೇ ಹಂಚಿಕೆ ಕಾಣುತ್ತದೆ. ಜನ ಮಾಡಬೇಕಾದ್ದಕ್ಕೆ ಕರ್ತೃವಿದೆ, ಗಡುವಿದೆ, ಕ್ರಿಯಾಪದದ ಬೆನ್ನಿಗೆ ‘ಬೇಕು’ ಇದೆ. ಕಚೇರಿ ಮಾಡಬೇಕಾದ್ದಕ್ಕೆ ಕರ್ತೃವಿಲ್ಲ, ಗಡುವಿಲ್ಲ, ‘ಲಾಗುವುದು’ ಮಾತ್ರ ಇದೆ. ಕರ್ಮಣಿ ಪ್ರಯೋಗ ನಿಷ್ಪಕ್ಷಪಾತದ ಭಾಷೆಯೇ ಆಗಿದ್ದರೆ ಎರಡೂ ಕಡೆಗೆ ಅದನ್ನೇ ಬಳಸುತ್ತಿದ್ದರು. ‘ಕರವನ್ನು ಪಾವತಿಸಲಾಗುವುದು’ ಎಂದು ನಾವು ಬರೆದುಕೊಟ್ಟರೆ ಯಾವ ಪಂಚಾಯತಿ ಒಪ್ಪುತ್ತದೆ? ‘ಯಾರು ಕಟ್ಟತೀರಿ, ಯಾವತ್ತು ಕಟ್ಟತೀರಿ, ಅದನ್ನ ಬರೀರಿ’ ಎನ್ನುತ್ತಾರೆ. ಅವರು ಹಾಗೆ ಕೇಳುವುದು ಸರಿ. ನಾವೂ ಹಾಗೇ ಕೇಳಬೇಕು.

ಇಲ್ಲಿ ವ್ಯಾಕರಣಕ್ಕೆ ಇಳಿಯದೆ ವಿಧಿಯಿಲ್ಲ, ಏಕೆಂದರೆ ಈ ಪ್ರಯೋಗದ ಸಮರ್ಥನೆ ನಿಂತಿರುವುದೇ ವ್ಯಾಕರಣದ ಮೇಲೆ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃಸ್ಥಾನ ಖಾಲಿ ಬಿಡುವ ಸೌಲಭ್ಯವಿಲ್ಲ. ಮಾಡಿದವರು ಯಾರೋ ಗೊತ್ತಿಲ್ಲದಿದ್ದರೆ, ಹೇಳುವುದು ಬೇಡವಾದರೆ, ಮಾಡಿಸಿಕೊಂಡ ವಸ್ತುವನ್ನಾದರೂ ತಂದು ಅಲ್ಲಿ ಕೂರಿಸಬೇಕು. ಅದಕ್ಕೇ ಅಲ್ಲಿ ಕರ್ಮಣಿ ಪ್ರಯೋಗ ಅಷ್ಟು ಬೆಳೆದದ್ದು. ಕನ್ನಡಕ್ಕೆ ಆ ತೊಂದರೆ ಇಲ್ಲ. ‘ನಾಳೆ ಕೊಡ್ತೀವಿ’ ಎನ್ನುವಾಗ ‘ನಾವು’ ಎಂಬ ಪದ ಬೇಡ. ಮಾಡುವವರು ಯಾರೆಂಬುದನ್ನು ಕ್ರಿಯಾಪದದ ತುದಿಯೇ ಹೊತ್ತಿರುತ್ತದೆ. ಕೊಡುತ್ತೇನೆ, ಕೊಡುತ್ತೇವೆ, ಕೊಡುತ್ತಾರೆ: ಒಂದೊಂದು ಪ್ರತ್ಯಯವೂ ಒಬ್ಬೊಬ್ಬರನ್ನು ಕೈತೋರಿಸುತ್ತದೆ. ಹೊಣೆಯನ್ನು ಕ್ರಿಯಾಪದದೊಳಗೇ ಕಟ್ಟಿಡುವ ಭಾಷೆ ನಮ್ಮದು.

‘ಲಾಗುವುದು’ ಕತ್ತರಿಸುವುದು ಆ ತುದಿಯನ್ನು. ‘ಅರ್ಜಿಯನ್ನು ಪರಿಶೀಲಿಸಲಾಗುವುದು’, ‘ಅರ್ಜಿಗಳನ್ನು ಪರಿಶೀಲಿಸಲಾಗುವುದು’ ಎಂಬ ಎರಡು ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ. ಅರ್ಜಿ ಒಂದಿದ್ದರೂ ನೂರಿದ್ದರೂ ಕ್ರಿಯಾಪದ ಕದಲುವುದಿಲ್ಲ. ಅರ್ಜಿಗೆ ಹತ್ತಿದ ‘ಅನ್ನು’ ಹಾಗೇ ಇದೆ, ಅಂದರೆ ಅದು ಇನ್ನೂ ಕರ್ಮವಾಗಿಯೇ ಉಳಿದಿದೆ. ಇಂಗ್ಲಿಷಿನಲ್ಲಿ ಆಗುವ ಹಾಗೆ ಕರ್ತೃಸ್ಥಾನಕ್ಕೆ ಬರಲಿಲ್ಲ. ಹಾಗಾದರೆ ಆ ಸ್ಥಾನದಲ್ಲಿ ಯಾರಿದ್ದಾರೆ? ಯಾರೂ ಇಲ್ಲ, ಯಾವುದೂ ಇಲ್ಲ. ಶಾಲೆಯ ವ್ಯಾಕರಣ ಪುಸ್ತಕ ಹೇಳುವ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಕರ್ಮಣಿ ಪ್ರಯೋಗದಲ್ಲಾದರೂ ಕೊಂದವನಿದ್ದಾನೆ, ಸತ್ತವನು ಕ್ರಿಯಾಪದದೊಂದಿಗೆ ಹೊಂದಿಕೊಂಡಿದ್ದಾನೆ. ಆ ‘ಪಡು’ ಪ್ರಯೋಗವೂ ಜನರ ಬಾಯಲ್ಲಿ ಎಂದೂ ಬದುಕಲಿಲ್ಲ, ಅದು ಬೇರೆ ಮಾತು. ‘ಲಾಗುವುದು’ ಅದಕ್ಕಿಂತ ಮುಂದೆ ಹೋಗಿ ಇಬ್ಬರನ್ನೂ ಹೊರಗೆ ಹಾಕಿತು. ಇಂಗ್ಲಿಷಿನಿಂದ ತಂದದ್ದು ಎನ್ನುತ್ತೇವೆ. ತಂದ ಮೇಲೆ ಮೂಲಕ್ಕಿಂತ ಹೆಚ್ಚು ಬರಿದು ಮಾಡಿಕೊಂಡಿದ್ದೇವೆ.

ಇಂಥ ಕರ್ತೃವಿಲ್ಲದ ಬರಹಕ್ಕೆ ಬೇಕು, ಬಹುದು, ತಕ್ಕದ್ದು ಸೇರಿದಾಗ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಕನ್ನಡದಲ್ಲಿ ಇವು ಮೂರೂ ಪುರುಷ ವಚನಗಳಿಗೆ ತಕ್ಕಂತೆ ಬದಲಾಗುವ ಪದಗಳಲ್ಲ. ನಾನು ಹೋಗಬೇಕು, ನೀನು ಹೋಗಬೇಕು, ಅವರು ಹೋಗಬೇಕು. ಹೀಗಾಗಿ ‘ಬೇಕು’ ಬಂದಲ್ಲೆಲ್ಲ ಕರ್ತೃಪದವನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಹೊಣೆ ಯಾರದೆಂದು ಹುಡುಕಲು ಬೇರೆ ಕುರುಹು ಉಳಿಯುವುದಿಲ್ಲ. ‘ಕ್ರಮ ವಹಿಸಬೇಕಾಗಿರುತ್ತದೆ’, ‘ಪರಿಗಣಿಸಬಹುದಾಗಿದೆ’, ‘ಸರಿಪಡಿಸತಕ್ಕದ್ದು’ ಎಂದು ಕರ್ತೃವಿಲ್ಲದೆ ಬರೆದ ಒಂದು ಪತ್ರ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಇಳಿದಾಗ ಪ್ರತಿಯೊಬ್ಬರೂ ಅದು ತಮ್ಮ ಕೆಳಗಿನವರಿಗೆ ಬರೆದದ್ದು ಎಂದು ಓದಿಕೊಳ್ಳಬಹುದು. ವಾಕ್ಯ ಅದಕ್ಕೆ ಅವಕಾಶ ಕೊಟ್ಟಿರುತ್ತದೆ.

ಇನ್ನು ನಿಷೇಧರೂಪ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಅನ್ಯಾಯದ್ದು ಇದೇ. ‘ನನಗೆ ಮಾಡಲಾಗುವುದಿಲ್ಲ’ ಎಂದರೆ ಕನ್ನಡದಲ್ಲಿ ಅಸಾಮರ್ಥ್ಯ. ‘ನನ ಕಡಿಂದ ಮಾಡಾಕ ಆಗೂದಿಲ್ಲ’ ಎಂದು ಹಾನಗಲ್ಲದ ಕಡೆಯವರು ಅಂದರೆ ಶಕ್ತಿ ಇಲ್ಲ, ಸಾಧ್ಯವಿಲ್ಲ ಎಂದರ್ಥ. ಈಗ ಕಚೇರಿ ಬರೆಯುತ್ತದೆ: ‘ತಮ್ಮ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ’. ಬರೆದವರ ಮನಸ್ಸಿನಲ್ಲಿರುವುದು ಇಂಗ್ಲಿಷಿನ ‘ವಿಲ್ ನಾಟ್ ಬಿ ಕನ್ಸಿಡರ್ಡ್’, ಅಂದರೆ ಪರಿಗಣಿಸುವುದಿಲ್ಲ ಎಂಬ ತೀರ್ಮಾನ. ಓದಿದವರ ಕಿವಿಗೆ ಬೀಳುವುದು ‘ಪರಿಗಣಿಸಲು ಬರುವುದಿಲ್ಲ, ಸಾಧ್ಯವಿಲ್ಲ’. ಎರಡರ ನಡುವೆ ದೊಡ್ಡ ಅಂತರವಿದೆ. ತೀರ್ಮಾನವಾದರೆ ಅದನ್ನು ಒಬ್ಬರು ಮಾಡಿರುತ್ತಾರೆ, ಅದಕ್ಕೆ ಕಾರಣ ಕೇಳಬಹುದು, ಮೇಲ್ಮನವಿ ಹಾಕಬಹುದು. ಅಸಾಧ್ಯವಾದರೆ ಯಾರನ್ನು ಕೇಳುವುದು? ವಿಧವಾ ವೇತನದ ಅರ್ಜಿ ತಿರಸ್ಕೃತವಾದ ಹೆಣ್ಣುಮಗಳು ‘ಆಗೂದಿಲ್ಲಂತ’ ಎಂದು ಮನೆಗೆ ಮರಳುವಾಗ, ಒಬ್ಬ ಅಧಿಕಾರಿಯ ತೀರ್ಮಾನವನ್ನು ಅವಳು ವಿಧಿಯಂತೆ ಒಪ್ಪಿಕೊಂಡು ಮರಳುತ್ತಾಳೆ. ಅವಳ ಮೇಲ್ಮನವಿಯ ಹಕ್ಕನ್ನು ಕಸಿದದ್ದು ಯಾವ ನಿಯಮವೂ ಅಲ್ಲ, ಒಂದು ಕ್ರಿಯಾರೂಪ.

ಅರ್ಜಿಗೆ ಉತ್ತರವಾಗಿ ಕಚೇರಿ ಬರೆದುಕೊಡುವ ಇಂಥದ್ದೊಂದು ಹಿಂಬರಹವನ್ನು ಹತ್ತಿರದಿಂದ ನೋಡಿದ್ದೇನೆ. ಕಚೇರಿಯ ಹೆಸರು ಬೇಡ, ಅರ್ಜಿದಾರರ ಹೆಸರೂ ಬೇಡ. ಅಣ್ಣತಮ್ಮಂದಿರ ವಾಟಣಿ (ಆಸ್ತಿಯ ಪಾಲು) ಆದಮೇಲೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹಿಸ್ಸಾ ಒಡೆದು ಪೋಡಿ ಮಾಡಿಕೊಡಿ, ಹೊಲ ಅಳೆದು ಬೇರ್ಪಡಿಸಿಕೊಡಿ ಎಂದು ಕೇಳಿದ ಅರ್ಜಿ ಅದು. ಬಂದ ಉತ್ತರ ಒಂದೇ ವಾಕ್ಯ: ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ನಿಯಮಾನುಸಾರ ಮುಂದಿನ ಕ್ರಮ ಕೈಗೊಳ್ಳಲಾಗುವುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ಕಾಗದ ತಂದಿದ್ದ ಹಿರಿಯರಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗ ಓದಿ ಹೇಳಿದ. ಅವರು ಕೇಳಿದರು: ‘ಮಾಡ್ತೀವಿ ಅಂದಾರೋ, ಮಾಡಂಗಿಲ್ಲ ಅಂದಾರೋ?’

‘ಮಾಡಲಾಗುವುದು ಅಂತ ಐತಿ, ಯಜ್ಜ.’

‘ಅದ, ಯಾರ್ ಮಾಡ್ತಾರಂತ?’

ಹುಡುಗ ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದ. ಆ ವಾಕ್ಯದಲ್ಲಿ ಮೂರು ಕ್ರಿಯೆಗಳಿವೆ: ಪರಿಶೀಲಿಸುವುದು, ಕ್ರಮ ಕೈಗೊಳ್ಳುವುದು, ತಿಳಿಸುವುದು. ಮೂರಕ್ಕೂ ಮಾಡಿದವರಿಲ್ಲ, ಮಾಡುವವರಿಲ್ಲ. ಪೋಡಿ ಕೆಲಸ ಮಾಡುವವರು ಭೂಮಾಪಕರು. ಅಳತೆಯ ದಿನ ಗೊತ್ತುಮಾಡುವವರು ಒಬ್ಬರು, ನಕ್ಷೆಗೆ ಮಂಜೂರಾತಿ ಕೊಡುವವರು ಇನ್ನೊಬ್ಬರು. ಇವರೆಲ್ಲರಿಗೂ ಹುದ್ದೆಯಿದೆ, ಕುರ್ಚಿಯಿದೆ. ಕಡತದ ಒಳಗಿನ ಷರಾ ನೋಡಿದರೆ ಯಾವ ದಿನ ಯಾರ ಮೇಜಿಗೆ ಹೋಯಿತು ಎಂಬುದೂ ಸಹಿಸಮೇತ ಇರುತ್ತದೆ. ಕಚೇರಿಗೆ ಕರ್ತೃ ಗೊತ್ತು. ಹೊರಗೆ ಕೊಡುವ ಕಾಗದದಲ್ಲಿ ಮಾತ್ರ ಅವರು ಇಲ್ಲವಾಗುತ್ತಾರೆ. ಆ ಹಿರಿಯರ ಪ್ರಶ್ನೆ ಅಜ್ಞಾನದ್ದಾಗಿರಲಿಲ್ಲ. ಒಂದು ಕನ್ನಡ ವಾಕ್ಯ ಉತ್ತರಿಸಲೇಬೇಕಾದ ಮೊದಲ ಪ್ರಶ್ನೆ ಅದು.

‘ಆಡಳಿತದ ಭಾಷೆ ಎಲ್ಲ ಕಾಲಕ್ಕೂ ಹೀಗೇ’ ಎನ್ನುವವರು ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಹೋಗಬೇಕು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಹೊತ್ತಿನ ಶಾಸನವೊಂದಿದೆ, ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವಂಥದ್ದು. ಶೈವರಿಗೂ ಜೈನರಿಗೂ ನಡೆದ ಪಂಥದ ಕಥೆ. ಆ ಕಲಹದ ಸರಿತಪ್ಪು ನನ್ನ ವಿಷಯವಲ್ಲ. ನನಗೆ ಮುಖ್ಯವಾದದ್ದು ಅದರೊಳಗಿನ ಒಂದು ವಿವರ. ಪಂಥ ಕಟ್ಟುವ ಮೊದಲು ರಾಮಯ್ಯ ಎದುರಾಳಿಗಳಿಂದ ಓಲೆ ಬರೆಸಿಕೊಳ್ಳುತ್ತಾನೆ. ಸೋತರೆ ನಾವು ಏನು ಮಾಡುತ್ತೇವೆ ಎಂದು ಅವರು ಬರೆದುಕೊಡುತ್ತಾರೆ. ಮಾತು ತಪ್ಪಿದಾಗ ವ್ಯಾಜ್ಯ ದೊರೆ ಬಿಜ್ಜಳನವರೆಗೆ ಹೋಗುತ್ತದೆ, ಅಲ್ಲಿ ಆ ಓಲೆ ಸಾಕ್ಷಿಯಾಗುತ್ತದೆ, ದೊರೆ ಜಯಪತ್ರ ಕೊಡುತ್ತಾನೆ. ಮುಂದೆ ಹಾನಗಲ್ಲ ಕದಂಬರ ಕಾಮದೇವ ಈ ದೇವರಿಗೆ ಒಂದು ಊರನ್ನೇ ದತ್ತಿ ಬಿಡುತ್ತಾನೆ. ಬರೆದುಕೊಟ್ಟವರು ಯಾರೆಂದು ಓಲೆಯಲ್ಲಿ ಇಲ್ಲದಿದ್ದರೆ ದೊರೆಯ ಮುಂದೆ ಅದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಈ ಸೀಮೆಯ ದಾನಶಾಸನಗಳ ಕ್ರಮವೂ ಇದೇ. ಯಾರ ಆಳ್ವಿಕೆ, ಯಾವ ಶಕವರ್ಷ, ಯಾವ ತಿಥಿ, ಕೊಟ್ಟವರು ಯಾರು, ಯಾರ ಕಾಲು ತೊಳೆದು ಕೊಟ್ಟರು, ಯಾವ ಕೋಲಿನಲ್ಲಿ ಅಳೆದ ಎಷ್ಟು ಮತ್ತರು ಭೂಮಿ, ನಾಲ್ಕೂ ದಿಕ್ಕಿನ ಎಲ್ಲೆ ಯಾವುದು ಎಂಬುದೆಲ್ಲ ಕಲ್ಲಿನ ಮೇಲಿದೆ. ಎಷ್ಟೋ ಶಾಸನಗಳಲ್ಲಿ ಪಾಠ ಬರೆದ ಕವಿಯ ಹೆಸರು, ಕೊರೆದ ರೂವಾರಿಯ ಹೆಸರು ಕೂಡ. ಕೊನೆಗೆ ಕ್ರಿಯಾಪದ: ಕೊಟ್ಟರ್, ಬಿಟ್ಟರ್. ಕೊಟ್ಟವರು ಕೊಟ್ಟರು. ಎಂಟುನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಜಾಗ ದುಬಾರಿಯಾಗಿದ್ದಾಗ ಕರ್ತೃವಿಗೆ ಜಾಗವಿತ್ತು. ಇದು ಆಡಳಿತದ ಕನ್ನಡವೇ. ಭೂಮಿ, ತೆರಿಗೆ, ಹಕ್ಕುಗಳ ಕನ್ನಡ. ಇದಕ್ಕಿಂತ ಗಂಭೀರವಾದ ಕನ್ನಡ ಯಾವುದಿದೆ?

ಹಾಗಾದರೆ ಕರ್ತೃ ಎಲ್ಲಿ ಕಳೆದುಹೋದ? 1818ರ ನಂತರ ಧಾರವಾಡ ಸೀಮೆ ಕಂಪನಿಯ ಕೈಗೆ ಹೋಯಿತು. ನವಾಬರ ಸವಣೂರು ಸಂಸ್ಥಾನವಾಗಿ ಉಳಿದರೂ ಮೇಲ್ವಿಚಾರಣೆ ಬ್ರಿಟಿಷರದೇ. 1956ರವರೆಗೆ ಧಾರವಾಡ ಸೀಮೆ ಮುಂಬಯಿಯ ಆಡಳಿತದ ಒಂದು ಮೂಲೆ. ಮೇಲಿನ ಕಚೇರಿಗಳ ಕಡತದ ಭಾಷೆ ಇಂಗ್ಲಿಷ್, ಅದರಲ್ಲೂ ಬ್ರಿಟಿಷ್ ಅಧಿಕಾರಿ ತನ್ನ ಮೇಲಧಿಕಾರಿಗೆ ಬರೆಯುವ ಇಂಗ್ಲಿಷ್. ಅದರಲ್ಲಿ ಪ್ರಜೆಗೆ ಉತ್ತರ ಹೇಳಬೇಕಾದ ಅಗತ್ಯವಿರಲಿಲ್ಲ, ಹಾಗಾಗಿ ಪ್ರಜೆಯ ಮುಂದೆ ಮುಖ ತೋರಿಸಬೇಕಾದ ಅಗತ್ಯವೂ ಇರಲಿಲ್ಲ. ಕರ್ನಾಟಕ ರಾಜಭಾಷಾ ಅಧಿನಿಯಮ 1963ರಲ್ಲಿ ಬಂತು, ಕನ್ನಡ ನಿಧಾನವಾಗಿ ಕಡತದೊಳಗೆ ಬಂತು. ಬಂದದ್ದು ಪದಗಳು. ವಾಕ್ಯದ ಕಟ್ಟು ಹಳೆಯದೇ ಉಳಿಯಿತು.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರನ್ನು ಇಲ್ಲಿ ನೆನೆಯಲೇಬೇಕು. ಆಕ್ಸ್‌ಫರ್ಡ್‌ನಲ್ಲಿ ಓದಿದವರು, ಬಾಳೆಲ್ಲ ಇಂಗ್ಲಿಷ್ ಕಲಿಸಿದವರು, ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡದ ಸ್ಥಾನವೇನು ಎಂಬ ಪ್ರಶ್ನೆಗೆ 1981ರ ತಮ್ಮ ವರದಿಯಲ್ಲಿ ಕನ್ನಡಕ್ಕೇ ಮೊದಲ ಸ್ಥಾನ ಎಂದು ಹೇಳಿದವರೂ ಅವರೇ. 1982ರಲ್ಲಿ ಅದರ ಜಾರಿಗಾಗಿ ನಾಡೇ ಬೀದಿಗೆ ಬಂತು. ಇಂಗ್ಲಿಷನ್ನು ಬಲ್ಲವರಿಗೆ ಅದರ ಎಲ್ಲೆಯೂ ಗೊತ್ತಿರುತ್ತದೆ ಎನ್ನುವುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಬೇಡ. ಆ ಹೋರಾಟ ಕನ್ನಡಕ್ಕೆ ಅಂಕಪಟ್ಟಿಯಲ್ಲಿ ಜಾಗ ಕೇಳಿತು. ಕನ್ನಡ ವಾಕ್ಯದೊಳಗೆ ಕನ್ನಡದ ಕಟ್ಟಿಗೆ ಜಾಗ ಕೇಳುವ ಕೆಲಸ ಉಳಿದೇ ಇದೆ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕ ಬರೆದು ಎಷ್ಟೋ ಕಾಲವಾಯಿತು. ಅವರ ಎಲ್ಲ ವಾದಗಳನ್ನು ಒಪ್ಪಬೇಕಿಲ್ಲ, ಹೊರಗಿನ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಬಾರದು ಎಂಬ ಮಾತನ್ನು ಮಾತ್ರ ಕಚೇರಿಗಳಿಗೆ ಇನ್ನೂ ಯಾರೂ ತಲುಪಿಸಿಲ್ಲ.

ಈ ರೋಗದ ಬೀಜ ಬೀಳುವುದು ಹೈಸ್ಕೂಲಿನಲ್ಲಿ. ನಮ್ಮ ಹಳ್ಳಿಗಳ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಒಂದು ಫೋನು ಮಾತಾಡಲು, ಒಂದು ಅರ್ಜಿ ಬರೆಯಲು ಹೆಣಗುತ್ತಾರೆ. ‘ಚೇಂಜ್ ದ ವಾಯ್ಸ್’ ಎಂದರೆ ಮಾತ್ರ ಥಟ್ಟನೆ ಮಾಡುತ್ತಾರೆ. ಸೂತ್ರ ಬಾಯಿಪಾಠವಾಗಿರುತ್ತದೆ: ಕ್ಯಾನ್, ವಿಲ್, ಮಸ್ಟ್, ಶುಡ್ ಏನೇ ಇರಲಿ, ಅದರ ಮುಂದೆ ‘ಬಿ’ ಇಡು, ಕ್ರಿಯಾಪದದ ಮೂರನೇ ರೂಪ ಹಾಕು. ‘ಸಂಬಡಿ ಮಸ್ಟ್ ಡು ದಿಸ್ ವರ್ಕ್’ ಎಂಬುದು ‘ದಿಸ್ ವರ್ಕ್ ಮಸ್ಟ್ ಬಿ ಡನ್’ ಆಗುತ್ತದೆ. ‘ಬೈ ಸಂಬಡಿ’ ಬರೆಯುವುದು ಬೇಡ, ಅದನ್ನು ಬಿಡಬಹುದು ಎಂದು ಗೈಡು ಹೇಳುತ್ತದೆ. ಒಂದು ಅಂಕ ಸಿಗುತ್ತದೆ. ಮೇಷ್ಟ್ರನ್ನು ದೂರುವುದು ಸುಲಭ, ನಾನು ದೂರುವುದಿಲ್ಲ. ಪರೀಕ್ಷೆ ಕೇಳುವುದನ್ನು ಅವರು ಕಲಿಸುತ್ತಾರೆ. ಈ ವಾಕ್ಯವನ್ನು ಯಾವಾಗ ಬಳಸಬೇಕು, ಬಳಸಿದರೆ ಏನು ಕಳೆದುಹೋಗುತ್ತದೆ, ಏನು ಉಳಿಯುತ್ತದೆ ಎಂಬ ಪ್ರಶ್ನೆ ಪ್ರಶ್ನೆಪತ್ರಿಕೆಯಲ್ಲಿ ಬರದೆ ಇದ್ದರೆ ತರಗತಿಯಲ್ಲೂ ಬರುವುದಿಲ್ಲ. ‘ಅಂಗಡಿಯವನು ಹಣ ವಾಪಸು ಕೊಡಬೇಕು’, ‘ಹಣವನ್ನು ವಾಪಸು ಕೊಡಲಾಗಬೇಕು’: ಇವೆರಡರ ಬೆಲೆ ಒಂದೇ ಅಲ್ಲ ಎಂದು ಹದಿನೈದು ವರ್ಷದ ಹುಡುಗಿಗೆ ಹೇಳಿಕೊಟ್ಟರೆ ಅವಳು ಇಂಗ್ಲಿಷನ್ನೂ ಹೆಚ್ಚು ಚೆನ್ನಾಗಿ ಕಲಿಯುತ್ತಾಳೆ. ಈಗ ಅವಳು ಕಲಿಯುವುದು ಎರಡೂ ಒಂದೇ, ಎರಡನೆಯದು ಮೇಲುದರ್ಜೆಯದು ಎಂದು. ಅವಳೇ ನಾಳೆ ಸ್ಪರ್ಧಾತ್ಮಕ ಪರೀಕ್ಷೆ ಪಾಸಾಗಿ ಗ್ರಾಮ ಆಡಳಿತಾಧಿಕಾರಿಯಾಗುತ್ತಾಳೆ, ಹಿಂಬರಹ ಬರೆಯುತ್ತಾಳೆ.

ಈಗ ಎದುರುವಾದಗಳು. ಇವುಗಳಲ್ಲಿ ಕಾನೂನಿನದು ಬಲವಾದದ್ದು: ಕಾನೂನೇ ಕರ್ಮಣಿ ಪ್ರಯೋಗದಲ್ಲಿದೆ, ಸಂವಿಧಾನವೇ ಹಾಗೆ ಬರೆದಿದೆ ಎನ್ನುತ್ತಾರೆ. ನಿಜ. 21ನೇ ಅನುಚ್ಛೇದದ ಇಂಗ್ಲಿಷ್ ಪಾಠ ‘ಶಲ್ ಬಿ’ ಎಂದೇ ಕರ್ಮಣಿಯಲ್ಲಿದೆ. ಕಾನೂನು ನಿಗದಿಪಡಿಸಿದ ವಿಧಾನದಿಂದಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುತ್ತದೆ. ಅಲ್ಲಿ ಕರ್ತೃವನ್ನು ಹೆಸರಿಸದಿರುವುದಕ್ಕೆ ಅರ್ಥವಿದೆ: ಪೊಲೀಸನೂ ಕಸಿಯಬಾರದು, ಮಂತ್ರಿಯೂ ಕಸಿಯಬಾರದು, ಸೈನ್ಯವೂ ಕಸಿಯಬಾರದು. ನಿಷೇಧ ಎಲ್ಲರ ಮೇಲೂ ಬೀಳಲಿ ಎಂದೇ ಆ ಸ್ಥಾನವನ್ನು ತೆರೆದಿಟ್ಟಿದ್ದಾರೆ. ದಂಡನೆಯ ಕಾನೂನಿನಲ್ಲಿ ‘ದಂಡಿಸಲ್ಪಡತಕ್ಕದ್ದು’ ಎಂದಾಗ ದಂಡಿಸುವುದು ನ್ಯಾಯಾಲಯವೆಂದು ಎಲ್ಲರಿಗೂ ಗೊತ್ತು. ಹಾನಗಲ್ಲದ ತಾರಕೇಶ್ವರ ದೇವಾಲಯದ ಒಂದು ಭಾಗವನ್ನು ಕಟ್ಟಿದವರು ಯಾರೆಂದು ತಿಳಿಯದಿದ್ದರೆ ‘ಕಟ್ಟಲಾಯಿತು’ ಎಂದು ಬರೆಯಲಿ, ನನ್ನ ತಕರಾರಿಲ್ಲ. ಮಾಡಬಾರದ್ದನ್ನು ಎಲ್ಲರಿಗೂ ನಿಷೇಧಿಸುವ ವಾಕ್ಯ ಬೇರೆ, ಮಾಡಬೇಕಾದ್ದನ್ನು ಯಾರ ಮೇಲೂ ಹೊರಿಸದ ವಾಕ್ಯ ಬೇರೆ. ಮೊದಲನೆಯದರ ಘನತೆಯನ್ನು ತೋರಿಸಿ ಎರಡನೆಯದನ್ನು ಒಪ್ಪಿಸಲು ನೋಡುವುದು ಸಲ್ಲದು.

ಅಷ್ಟಕ್ಕೂ, ಜನಕ್ಕೆ ನಿಜವಾಗಿ ಬಲ ಕೊಟ್ಟ ಕಾನೂನುಗಳು ಮಾಡಿದ್ದೇ ಕರ್ತೃವನ್ನು ಹುಡುಕಿ ತಂದು ಕೂರಿಸಿದ್ದು. 2005ರ ಮಾಹಿತಿ ಹಕ್ಕು ಅಧಿನಿಯಮ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂಬೊಬ್ಬರನ್ನು ಗೊತ್ತುಮಾಡಿತು, 30 ದಿನ ಕೊಟ್ಟಿತು, ತಪ್ಪಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಎಂದಿತು. ಅರ್ಜಿ ತಿರಸ್ಕರಿಸಿದರೆ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರನ್ನೂ ತಿಳಿಸಬೇಕೆಂದಿತು. ನಮ್ಮದೇ ರಾಜ್ಯದ 2011ರ ಸಕಾಲ ಕಾಯಿದೆ ಒಂದೊಂದು ಸೇವೆಗೂ ಹೊಣೆಗಾರ ಅಧಿಕಾರಿಯನ್ನು, ಇಂತಿಷ್ಟು ದಿನವನ್ನು ಪಟ್ಟಿ ಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಕೊಡಬೇಕೆಂದಿತು. ಮೊತ್ತ ಸಣ್ಣದು. ಸಕಾಲದ ಸ್ವೀಕೃತಿ ಚೀಟಿಯಲ್ಲಿ ಕೊನೆಯ ದಿನಾಂಕ ಅಚ್ಚಾಗಿರುವುದು ಸಣ್ಣದಲ್ಲ. ಆ ಚೀಟಿ ಹಿಡಿದ ರೈತ ‘ಇವತ್ತಿಗೆ ಮುಗೀತರೀ ಸಾಹೇಬ್ರ’ ಎಂದು ಕಿಟಕಿಯ ಮುಂದೆ ನಿಲ್ಲಬಲ್ಲ. ‘ಕೈಗೊಳ್ಳಲಾಗುವುದು’ ಎಂಬ ಕಾಗದ ಹಿಡಿದವನಿಗೆ ಹಾಗೆ ನಿಲ್ಲಲು ದಿನವೇ ಇಲ್ಲ.

‘ವ್ಯಕ್ತಿ ವರ್ಗವಾಗಿ ಹೋಗುತ್ತಾನೆ, ಕಚೇರಿ ಉಳಿಯುತ್ತದೆ, ಅದಕ್ಕೇ ಹೆಸರು ಹಾಕುವುದಿಲ್ಲ’ ಎನ್ನುವುದು ಇನ್ನೊಂದು ವಾದ. ವ್ಯಕ್ತಿಯ ಹೆಸರನ್ನು ಕೇಳಿದವರು ಯಾರು? ತಹಶೀಲ್ದಾರ್, ಕಂದಾಯ ನಿರೀಕ್ಷಕ, ಪಿಡಿಒ, ಭೂಮಾಪಕ ಇವೆಲ್ಲ ಹುದ್ದೆಗಳು. ಹುದ್ದೆ ವರ್ಗವಾಗುವುದಿಲ್ಲ. ‘ನಾನು, ನಾವು ಎಂದು ಬರೆಯುವುದು ಅಹಂಕಾರ’ ಎಂಬ ಮಾತನ್ನೂ ಕೇಳಿದ್ದೇನೆ. ಕೆಲಸವನ್ನು ಒಪ್ಪಿಕೊಳ್ಳುವುದರಲ್ಲಿ ಅಹಂಕಾರವೇನು ಬಂತು? ಕೆಲಸವಾದಾಗ ಉದ್ಘಾಟನೆಯ ಕಲ್ಲಿನ ಮೇಲೆ ಸಾಲುಸಾಲು ಹೆಸರುಗಳಿರುತ್ತವೆ, ಅಲ್ಲಿ ಯಾರೂ ವಿನಯದಿಂದ ಹಿಂದೆ ಸರಿಯುವುದಿಲ್ಲ. ಹೆಸರು ಮರೆಯಾಗುವುದು ಕೆಲಸ ಬಾಕಿ ಇರುವಾಗ. ಹಾಗೆ ಮರೆಯಾದರೆ ಏನಾಗುತ್ತದೆ ನೋಡಿ.

2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾನಗಲ್ಲ, ಸವಣೂರು ತಾಲ್ಲೂಕುಗಳ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಹಾನಿಯಾದ ಮನೆಗಳು ಎ, ಬಿ, ಸಿ ಎಂಬ ಮೂರು ವರ್ಗಗಳಾದವು. ಸಿಗುವ ಹಣ ಆ ಅಕ್ಷರದ ಮೇಲೆ ನಿಂತಿತ್ತು. ಪೂರ್ತಿ ಬಿದ್ದ ಮನೆಗೆ ಐದು ಲಕ್ಷ. ಸಿ ವರ್ಗಕ್ಕೆ ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ‘ತಮ್ಮ ಮನೆಯನ್ನು ಸಿ ವರ್ಗದಲ್ಲಿ ಸೇರಿಸಲಾಗಿದೆ’ ಎಂಬ ಒಂದು ವಾಕ್ಯದ ಹಿಂದೆ ಗೋಡೆ ಮುಟ್ಟಿ ನೋಡಿದ, ಅಥವಾ ಬೀದಿಯಲ್ಲೇ ನಿಂತು ನೋಡಿಹೋದ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಅವನು ಯಾರು, ಯಾವ ದಿನ ಬಂದ, ಏನು ಕಂಡ ಎಂಬುದು ಮನೆ ಕಳೆದುಕೊಂಡವರಿಗೆ ಗೊತ್ತಾದರೆ ಮಾತ್ರ ಅವರು ‘ಮತ್ತೊಮ್ಮೆ ಬಂದು ನೋಡಿ’ ಎಂದು ಕೇಳಬಹುದು. ಕರ್ತೃವಿಲ್ಲದ ಕನ್ನಡ ಅಂಥ ಹೊತ್ತಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಬೇಡ.

ವಿಚಿತ್ರವೆಂದರೆ ಯಾರ ಭಾಷೆಯಿಂದ ಈ ಕರ್ಮಣಿ ಶೈಲಿಯನ್ನು ಕಲಿತೆವೋ ಅವರು ಇದನ್ನು ಬಿಡುತ್ತ ಬಂದಿದ್ದಾರೆ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲೇ, ಕರ್ತರಿ ಪ್ರಯೋಗ ಸಾಧ್ಯವಿರುವಲ್ಲಿ ಕರ್ಮಣಿಯನ್ನು ಎಂದೂ ಬಳಸಬೇಡಿ ಎಂದು ಬರೆದ. ಬ್ರಿಟನ್ನಿನ ಖಜಾನೆ ಇಲಾಖೆಯೇ ಕೇಳಿಕೊಂಡು ಅರ್ನೆಸ್ಟ್ ಗೋವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ನೌಕರರಿಗಾಗಿ ಸರಳ ಇಂಗ್ಲಿಷಿನ ಕೈಪಿಡಿ ಬರೆಸಿತು. ಅದು 1948ರಲ್ಲಿ ಬಂತು. ಅಮೆರಿಕ 2010ರಲ್ಲಿ ಸರಳ ಬರವಣಿಗೆಗೆಂದು ಕಾಯಿದೆಯನ್ನೇ ಮಾಡಿತು. ಅಲ್ಲಿನ ನೌಕರರಿಗಿರುವ ಮಾರ್ಗದರ್ಶಿಗಳು ಕರ್ತರಿಯಲ್ಲಿ ಬರೆಯಿರಿ, ಯಾರು ಏನು ಮಾಡಬೇಕೆಂದು ಹೇಳಿ ಎನ್ನುತ್ತವೆ. ನಮ್ಮ ಕಚೇರಿಗಳು ಇನ್ನೂ ‘ಲಾಗುವುದು’ ಬರೆಯುತ್ತಿರುವುದಕ್ಕೆ ಯಾವ ಸಬೂಬೂ ಉಳಿದಿಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಜನಕ್ಕೆ ಕೊಡುವ ಪ್ರತಿ ಹಿಂಬರಹ, ಪ್ರಕಟಣೆ, ನೋಟಿಸಿನಲ್ಲಿ ಮುಂದೆ ಆಗಬೇಕಾದ ಕೆಲಸಕ್ಕೆ ಹುದ್ದೆ ಮತ್ತು ದಿನಾಂಕ ಇರಬೇಕು. ಮೇಲೆ ಹೇಳಿದ ಹಿಂಬರಹ ಹೀಗಿದ್ದರೆ ಸಾಕಿತ್ತು: ‘ನಿಮ್ಮ ಅರ್ಜಿಯನ್ನು ನೋಡಿದ್ದೇವೆ. ತಾಲ್ಲೂಕು ಭೂಮಾಪಕರು ಇಂಥ ದಿನಾಂಕದೊಳಗೆ ಬಂದು ಅಳತೆ ಮಾಡುತ್ತಾರೆ. ಬರದಿದ್ದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೆ ತಿಳಿಸಿ.’ ಇದರಲ್ಲಿ ಗಾಂಭೀರ್ಯಕ್ಕೆ ಏನು ಕಡಿಮೆಯಾಯಿತು? ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಚೇರಿಗಳಲ್ಲಿ ಕನ್ನಡ ಇದೆಯೇ ಎಂದು ಪರಿಶೀಲಿಸುವಾಗ, ಆ ಕನ್ನಡದಲ್ಲಿ ಕರ್ತೃ ಇದ್ದಾನೆಯೇ ಎಂದೂ ನೋಡಬೇಕು.

ಕಚೇರಿಗಳು ತಾವಾಗಿ ಬದಲಾಗುವವರೆಗೆ ಕಾಯಬೇಕಾದ್ದಿಲ್ಲ. ಗ್ರಾಮಸಭೆಯ ಠರಾವು ಪುಸ್ತಕ ಜನರ ಎದುರಿಗೇ ಬರೆಯುವಂಥದ್ದು. ಅದರಲ್ಲಿ ಸೂಚಕರು ಯಾರು, ಅನುಮೋದಕರು ಯಾರು ಎಂದು ಹೆಸರು ಹಾಕುವ ರೂಢಿ ಈಗಲೂ ಇದೆ. ನಡುವಿನ ಠರಾವು ಮಾತ್ರ ‘ಚರಂಡಿ ದುರಸ್ತಿ ಮಾಡಿಸಬೇಕೆಂದು ಸರ್ವಾನುಮತದಿಂದ ಠರಾಯಿಸಲಾಯಿತು’ ಎಂದು ಮುಗಿಯುತ್ತದೆ. ಮುಂದಿನ ಸಭೆಯಲ್ಲಿ ಶಿಗ್ಗಾವಿಯ ಯಾವುದೋ ಹಳ್ಳಿಯಲ್ಲಿ, ಹಿರೇಕೆರೂರಿನ ಯಾವುದೋ ಹಳ್ಳಿಯಲ್ಲಿ ಒಬ್ಬರು ಎದ್ದು ನಿಂತು, ಸಹಿ ಹಾಕುವ ಮೊದಲು ಕೇಳಬೇಕು: ಯಾರು ಮಾಡಿಸುತ್ತಾರೆ, ಯಾವ ತಾರೀಖಿನೊಳಗೆ, ಯಾವ ಅನುದಾನದಿಂದ? ಉತ್ತರ ಸಿಕ್ಕ ಮೇಲೆ ಅದನ್ನು ಅಲ್ಲಿಯೇ ಬರೆಸಬೇಕು. ಬರೆಯಲು ಒಪ್ಪದಿದ್ದರೆ, ಒಪ್ಪದಿದ್ದವರ ಹುದ್ದೆಯನ್ನು ಅದೇ ಪುಟದಲ್ಲಿ ಬರೆಸಬೇಕು.